ಕಾಕರ್ ಸ್ಪ್ಯಾನಿಯಲ್ ಸಾಕಿದವರಿಗೆ ದಕ್ಷಿಣ ಕೊಡಗಿನ ಗ್ರೂಮಿಂಗ್ ವ್ಯಾನ್: ಒಂದು ವಿಮರ್ಶೆ

ಗೋಣಿಕೊಪ್ಪಲು, ಪೊನ್ನಂಪೇಟೆ, ವಿರಾಜಪೇಟೆ ಮತ್ತು ಸಿದ್ದಾಪುರದ ಸುತ್ತಲಿನ ತೋಟದ ಮನೆಗಳಿಗೆ ಈಗ ನಾಯಿಗಳ ಗ್ರೂಮಿಂಗ್ ವ್ಯಾನ್ ಒಂದು ಬರುತ್ತಿದೆ. ಫೋನ್ ಮಾಡಿ ದಿನ ಗೊತ್ತುಮಾಡಿಕೊಂಡರೆ ಸ್ನಾನದ ತೊಟ್ಟಿ, ಬಿಸಿನೀರು, ಕತ್ತರಿಸುವ ಮೇಜು, ಡ್ರೈಯರ್ ಮತ್ತು ಸ್ವಂತ ಜನರೇಟರ್ ಸಹಿತ ಇಬ್ಬರು ಕೆಲಸಗಾರರು ಅಂಗಳಕ್ಕೇ ಬಂದು ಕೆಲಸ ಮುಗಿಸಿ ಹೋಗುತ್ತಾರೆ. ನಮ್ಮ ಮನೆಯ ಹೊಂಬಣ್ಣದ ಕಾಕರ್ ಸ್ಪ್ಯಾನಿಯಲ್ ರೂಬಿಗೆ ಕಳೆದ ಬೇಸಿಗೆಯಿಂದ ಈ ಮಳೆಗಾಲ ಮುಗಿಯುವವರೆಗೂ ಇವರ ಸೇವೆಯನ್ನೇ ಪಡೆದಿದ್ದೇವೆ. ಬಿಸಿಲು, ಮಳೆ ಎರಡೂ ಕಾಲದಲ್ಲಿ ಅವರ ಕೆಲಸವನ್ನು ಪಕ್ಕದಲ್ಲೇ ನಿಂತು ನೋಡಿರುವುದರಿಂದ ಈ ತಳಿಯನ್ನು ಸಾಕಿರುವ, ಅಥವಾ ಸಾಕಬೇಕೆಂದಿರುವ ಕೊಡಗಿನವರಿಗೆ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ.

ಸ್ಪ್ಯಾನಿಯಲ್ ಜಾತಿಯ ನಾಯಿಗೆ ಮಾಡಿದ ಗ್ರೂಮಿಂಗನ್ನು ಅದರ ಅಂದದಿಂದ ಅಳೆಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಕೆಲಸ ಮುಗಿದ ಮೇಲೆ ಕಿವಿಯನ್ನು ಎತ್ತಿ ಮೂಸಿ ನೋಡಬೇಕು, ಕಾಲ್ಬೆರಳುಗಳ ಸಂದಿಯಲ್ಲಿ ಕೈಯಾಡಿಸಬೇಕು, ಕಂಕುಳಲ್ಲಿ ಮತ್ತು ಹೊಟ್ಟೆಯ ಕೆಳಗೆ ಚರ್ಮದವರೆಗೂ ಒಣಗಿದೆಯೇ ಎಂದು ಪರೀಕ್ಷಿಸಬೇಕು. ಈ ಮೂರೂ ಸರಿಯಿದ್ದರೆ ಉಳಿದ ಕೊರತೆಗಳನ್ನು ಸಹಿಸಿಕೊಳ್ಳಬಹುದು. ನಾನು ಹೀಗೆ ಹೇಳಲು ಕಾರಣ ಈ ನಾಯಿಯ ಚರಿತ್ರೆಯಲ್ಲೇ ಇದೆ.

ಬಂದೂಕು ಬಳಕೆಗೆ ಬರುವ ಮೊದಲು, ಬಲೆ ಹಾಕಿ ಅಥವಾ ಡೇಗೆ ಹಾರಿಸಿ ಹಕ್ಕಿ ಹಿಡಿಯುತ್ತಿದ್ದ ಕಾಲದಿಂದಲೂ ಯುರೋಪಿನಲ್ಲಿ ಪೊದೆಗಳೊಳಗೆ ನುಗ್ಗಿ ಹಕ್ಕಿ ಎಬ್ಬಿಸುವ ಕೆಲಸಕ್ಕೆ ಸ್ಪ್ಯಾನಿಯಲ್‌ಗಳನ್ನು ಬಳಸುತ್ತಿದ್ದರು. 1570ರಲ್ಲಿ ಇಂಗ್ಲೆಂಡಿನ ವೈದ್ಯ ಜಾನ್ ಕೀಸ್ ತನ್ನ ನಾಡಿನ ನಾಯಿಗಳನ್ನು ವಿಂಗಡಿಸಿ ಬರೆದಾಗಲೇ ನೆಲದ ಮೇಲೆ ಕೆಲಸ ಮಾಡುವ ಸ್ಪ್ಯಾನಿಯಲ್‌ಗಳನ್ನೂ ನೀರಿನಲ್ಲಿ ಕೆಲಸ ಮಾಡುವವನ್ನೂ ಬೇರೆ ಬೇರೆಯಾಗಿ ಹೆಸರಿಸಿದ್ದ. ಹತ್ತೊಂಬತ್ತನೆಯ ಶತಮಾನದ ಬಹುಭಾಗದವರೆಗೂ ಇಂದಿನಂತೆ ಕಾಕರ್, ಸ್ಪ್ರಿಂಗರ್, ಫೀಲ್ಡ್ ಎಂಬ ಪ್ರತ್ಯೇಕ ತಳಿಗಳಿರಲಿಲ್ಲ. ಒಂದೇ ಸೂಲಿನ ಮರಿಗಳಲ್ಲಿ 25 ಪೌಂಡ್, ಅಂದರೆ ಸುಮಾರು 11 ಕಿಲೋಗಿಂತ ಕಡಿಮೆ ತೂಗಿದವು ಕಾಕರ್ ಎನಿಸಿಕೊಂಡರೆ, ಅದಕ್ಕಿಂತ ಭಾರವಾಗಿ ಬೆಳೆದವು ಬೇರೆ ವರ್ಗಕ್ಕೆ ಸೇರುತ್ತಿದ್ದವು. ದಟ್ಟ ಪೊದೆಗಳಲ್ಲಿ ಅಡಗುವ ವುಡ್‌ಕಾಕ್ ಎಂಬ ಉದ್ದ ಕೊಕ್ಕಿನ ಹಕ್ಕಿಯನ್ನು ಎಬ್ಬಿಸಲು ಚಿಕ್ಕ ಗಾತ್ರದ ನಾಯಿಗಳೇ ಅನುಕೂಲವಾಗಿದ್ದವು. ಆ ಹಕ್ಕಿ ಚಳಿಗಾಲದಲ್ಲಿ ಹಿಮಾಲಯದ ಕಡೆಯಿಂದ ನಮ್ಮ ಪಶ್ಚಿಮ ಘಟ್ಟದ ಶೋಲಾ ಕಾಡುಗಳಿಗೂ ವಲಸೆ ಬರುತ್ತದೆ ಎಂಬುದನ್ನು ಕೊಡಗಿನವನಾಗಿ ಹೇಳದೆ ಇರಲಾರೆ. 1879ರಲ್ಲಿ ಹುಟ್ಟಿದ ಓಬೋ ಎಂಬ ಗಂಡು ನಾಯಿಯನ್ನು ಇಂದಿನ ಕಾಕರ್ ವಂಶದ ಮೂಲಪುರುಷನೆಂದು ತಳಿಗಾರರು ಗೌರವಿಸುತ್ತಾರೆ. ಇಂಗ್ಲೆಂಡಿನ ಕೆನಲ್ ಕ್ಲಬ್ 1893ರಲ್ಲಿ ಕಾಕರನ್ನು ಪ್ರತ್ಯೇಕ ತಳಿಯೆಂದು ದಾಖಲಿಸಿತು. 1901ರಲ್ಲಿ ತೂಕದ ಮಿತಿಯನ್ನೂ ತೆಗೆದುಹಾಕಲಾಯಿತು.

ಆಮೇಲೆ ನಡೆದದ್ದು ನಮ್ಮ ಈ ವಿಮರ್ಶೆಗೆ ನೇರವಾಗಿ ಸಂಬಂಧಿಸಿದ ಸಂಗತಿ. ಶ್ವಾನ ಪ್ರದರ್ಶನಗಳ ವೇದಿಕೆಯಲ್ಲಿ ಕಾಕರ್ ಅಪಾರ ಜನಪ್ರಿಯತೆ ಗಳಿಸಿತು. ಲಂಡನ್ನಿನಲ್ಲಿ 1891ರಲ್ಲಿ ಆರಂಭವಾದ ಕ್ರಫ್ಟ್ಸ್ ಪ್ರದರ್ಶನದಲ್ಲಿ 1930ರಿಂದ 1950ರೊಳಗೆ ತಳಿಗಾರ ಎಚ್. ಎಸ್. ಲಾಯ್ಡ್ ಅವರ ಕಾಕರ್‌ಗಳೇ ಆರು ಬಾರಿ ಅತ್ಯುನ್ನತ ಪ್ರಶಸ್ತಿ ಪಡೆದವು. ಬೇಟೆಯ ಕೆಲಸಕ್ಕೆ ಬೆಳೆಸಿದ ಕಾಕರ್‌ಗಳ ಕೂದಲು ಗಿಡ್ಡವಾಗಿ, ಕಿವಿ ಹಗುರವಾಗಿ ಉಳಿದರೆ, ಪ್ರದರ್ಶನಕ್ಕೆ ಬೆಳೆಸಿದವುಗಳಲ್ಲಿ ಕಿವಿ ಉದ್ದವಾಗಿ, ಕಾಲು, ಎದೆ ಮತ್ತು ಹೊಟ್ಟೆಯ ಕೂದಲು ಜಾಲರಿಯಂತೆ ಇಳಿಬಿದ್ದಿತು. ಅಮೆರಿಕದಲ್ಲಿ ಕೂದಲು ಇನ್ನೂ ದಟ್ಟವಾಗಿ, ತಲೆ ದುಂಡಗಾಗಿ ಬೆಳೆದು, 1946ರಲ್ಲಿ ಅಮೆರಿಕನ್ ಕೆನಲ್ ಕ್ಲಬ್ ಇಂಗ್ಲಿಷ್ ಕಾಕರನ್ನು ಬೇರೆಯೇ ತಳಿಯೆಂದು ಗುರುತಿಸಬೇಕಾಯಿತು. ನಮ್ಮ ಊರುಗಳಲ್ಲಿ ಕಾಕರ್ ಎಂದು ಮಾರಾಟವಾಗುವ ಮರಿಗಳಲ್ಲಿ ಹೆಚ್ಚಿನವು ಪ್ರದರ್ಶನದ ವಂಶದವು. ಹಲವು ಎರಡೂ ದೇಶಗಳ ರಕ್ತ ಬೆರೆತವು. ಹೀಗೆ ಪೊದೆಗೆ ನುಗ್ಗುವ ಸ್ವಭಾವವೂ ಪೊದೆಗೆ ಒಗ್ಗದ ಕೂದಲೂ ಒಂದೇ ಮೈಯಲ್ಲಿ ಸೇರಿಕೊಂಡಿವೆ.

ಕೊಡಗಿನಲ್ಲಿ ಇದರ ಪರಿಣಾಮ ಏನೆಂಬುದು ತೋಟದಲ್ಲಿರುವವರಿಗೆ ಗೊತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬೇಟೆ ನಿಂತಿದೆ, ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್ ಪೊಳ್ದ್‌ನಲ್ಲಿ ಕೋವಿಗೆ ಹೂ ಮುಡಿಸಿ ಪೂಜಿಸುವ ಸಂಪ್ರದಾಯ ಉಳಿದಿದೆ. ಆದರೆ ನಾಯಿಗೆ ಕಾಯ್ದೆ ತಿಳಿಯದು. ಬೆಳಿಗ್ಗೆ ಬಾಗಿಲು ತೆರೆದರೆ ರೂಬಿ ಮೂಗನ್ನು ನೆಲಕ್ಕಿಟ್ಟು ಕಾಫಿ ಗಿಡಗಳ ಸಾಲುಗಳ ನಡುವೆ ಎಡಕ್ಕೂ ಬಲಕ್ಕೂ ಅಡ್ಡಾಡುತ್ತಾ, ಕಾಡುಕೋಳಿ ರೆಕ್ಕೆ ಬಡಿದು ಹಾರುವವರೆಗೂ ಹುಡುಕುತ್ತಾಳೆ. ಯಾರೂ ಕಲಿಸದಿದ್ದರೂ ಆ ಅಡ್ಡಾಟ ನೂರಾರು ವರ್ಷಗಳ ಹಿಂದೆ ಅವಳ ಪೂರ್ವಜರು ಮಾಡುತ್ತಿದ್ದ ಕೆಲಸವೇ. ಹಿಂತಿರುಗುವಾಗ ಉತ್ತರಾಣಿಯ ಮುಳ್ಳುಕಾಯಿ ಕಿವಿಯ ಕೂದಲಿಗೆ ಅಂಟಿರುತ್ತದೆ, ಬೆರಳ ಸಂದಿಯಲ್ಲಿ ಜಿಗಣೆ ಇರುತ್ತದೆ, ಹೊಟ್ಟೆ ಕೆಸರಾಗಿರುತ್ತದೆ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಬಟ್ಟೆಗಳೇ ಒಲೆಯ ಮೇಲಿನ ಅಟ್ಟದಲ್ಲಿ ಒಣಗಬೇಕಾದ ಆ ದಿನಗಳಲ್ಲಿ ಇಂಥ ಕೂದಲಿನ ನಾಯಿಯನ್ನು ಚರ್ಮದವರೆಗೆ ಒಣಗಿಸುವುದು ಮನೆಮಂದಿಯಿಂದ ಆಗುವ ಕೆಲಸವಲ್ಲ. ವಿದ್ಯುತ್ ಇದ್ದರೆ ತಾನೇ ಡ್ರೈಯರ್ ಹಾಕುವುದು. ಮರ ಬಿದ್ದು ಲೈನ್ ಹೋಗಿದ್ದ ವಾರದಲ್ಲೂ ಈ ವ್ಯಾನ್ ತನ್ನ ಜನರೇಟರಿನಿಂದಲೇ ಕೆಲಸ ಮುಗಿಸಿತು ಎಂಬುದನ್ನು ಇವರ ಮೊದಲ ಗುಣವಾಗಿ ಹೇಳಬೇಕು.

ಕೆಲಸದ ಕ್ರಮವೂ ಮೆಚ್ಚುವಂಥದು. ಇವರು ನಾಯಿಯನ್ನು ನೇರವಾಗಿ ನೀರಿಗೆ ಇಳಿಸುವುದಿಲ್ಲ. ಒಣ ಕೂದಲಿನಲ್ಲೇ ಮೊದಲು ಗಂಟುಗಳನ್ನೆಲ್ಲ ಬಿಡಿಸುತ್ತಾರೆ. ಗಂಟಿರುವ ಕೂದಲು ಒದ್ದೆಯಾದರೆ ಬಿಗಿದುಕೊಂಡು, ಆಮೇಲೆ ಕತ್ತರಿಯ ಹೊರತು ಬೇರೆ ದಾರಿ ಇರುವುದಿಲ್ಲ ಎಂಬುದು ಕಾಕರ್ ಸಾಕಿದವರೆಲ್ಲರ ಅನುಭವ. ಗಂಟಿನ ಬುಡವನ್ನು ಎಡಗೈ ಬೆರಳುಗಳಲ್ಲಿ ಹಿಡಿದು, ಚರ್ಮ ಎಳೆಯದಂತೆ ತುದಿಯಿಂದ ಬುಡದ ಕಡೆಗೆ ಸ್ವಲ್ಪ ಸ್ವಲ್ಪವೇ ಬಾಚುವ ಇವರ ತಾಳ್ಮೆ ಅಪರೂಪದ್ದು. ಕಿವಿಯ ಹಿಂಭಾಗ ಮತ್ತು ಮುಂಗಾಲಿನ ಕಂಕುಳು, ಈ ಎರಡು ಜಾಗಗಳಲ್ಲೇ ಅರ್ಧ ಸಮಯ ಹೋಗುತ್ತದೆ. ಶಾಂಪೂ ನಾಯಿಗೆಂದೇ ತಯಾರಾದದ್ದು. ಚರ್ಮದಲ್ಲಿ ಶಿಲೀಂಧ್ರದ ಲಕ್ಷಣ ಕಂಡರೆ, ವೈದ್ಯರ ಚೀಟಿ ತೋರಿಸಿದವರಿಗೆ ಮಾತ್ರ ಕ್ಲೋರ್‌ಹೆಕ್ಸಿಡಿನ್ ಇರುವ ಔಷಧಿ ಶಾಂಪೂ ಬಳಸುತ್ತಾರೆ. ಮನುಷ್ಯರ ಶಾಂಪೂವಿನ ಆಮ್ಲೀಯತೆ ನಾಯಿಯ ಚರ್ಮಕ್ಕೆ ಹೊಂದುವುದಿಲ್ಲವಾದ್ದರಿಂದ ಅದನ್ನು ಮನೆಯಲ್ಲೂ ಬಳಸಬೇಡಿ ಎಂದು ಹೇಳಿಯೇ ಹೋಗುತ್ತಾರೆ. ಉಣ್ಣಿಗಾಗಿ ಬೆನ್ನಿಗೆ ಹಾಕುವ ಹನಿಯೌಷಧಿಯನ್ನು ಯಾವಾಗ ಹಾಕಿದ್ದೀರಿ ಎಂದು ಫೋನಿನಲ್ಲೇ ವಿಚಾರಿಸಿ, ಅದಾಗಿ ಎರಡು ದಿನ ಕಳೆಯುವವರೆಗೆ ಸ್ನಾನ ಬೇಡವೆಂದು ದಿನವನ್ನೇ ಮುಂದೂಡಿದ್ದು ನನಗೆ ತುಂಬ ಹಿಡಿಸಿತು. ಸ್ನಾನದಲ್ಲಿ ಔಷಧಿ ತೊಳೆದುಹೋದರೆ, ಉಣ್ಣಿಗಳಿಂದ ಬರುವ ಬಬೇಸಿಯಾ, ಎರ್ಲಿಕಿಯಾ ಜ್ವರಗಳಿಗೆ ನಾಯಿಯನ್ನು ನಾವೇ ಒಡ್ಡಿದಂತಾಗುತ್ತದೆ.

ಇನ್ನು ಕಿವಿ. ನಾಯಿಯ ಕಿವಿಯ ನಾಳ ನಮ್ಮದರಂತೆ ನೇರವಾಗಿ ಒಳಹೋಗುವುದಿಲ್ಲ. ಮೊದಲು ಕೆಳಕ್ಕಿಳಿದು, ಆಮೇಲೆ ಒಳಕ್ಕೆ ತಿರುಗಿ ತಮಟೆಯನ್ನು ಸೇರುತ್ತದೆ. ಆ ತಿರುವಿನಲ್ಲಿ ಕೊಳೆ ನಿಲ್ಲುತ್ತದೆ. ಕಾಕರ್‌ಗಳ ಕಿವಿನಾಳದಲ್ಲಿ ಕುಗ್ಗೆ ಸ್ರವಿಸುವ ಗ್ರಂಥಿಗಳೂ ಕೂದಲೂ ಉಳಿದ ಹಲವು ತಳಿಗಳಿಗಿಂತ ಹೆಚ್ಚು. ಅದರ ಮೇಲೆ ಭಾರವಾದ ಕಿವಿ ಮುಚ್ಚಿಕೊಂಡಿರುವುದರಿಂದ ಗಾಳಿಯಾಡದೆ, ಮಳೆಗಾಲದ ತೇವವೂ ಸೇರಿ, ಮಲಸೇಜಿಯಾ ಎಂಬ ಯೀಸ್ಟ್ ಮತ್ತು ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ. ತಲೆ ಕೊಡವುವುದು, ಕಿವಿಯನ್ನು ಚಾಪೆಗೆ ಉಜ್ಜುವುದು, ಹುಳಿ ವಾಸನೆ, ಕಂದು ಬಣ್ಣದ ಕುಗ್ಗೆ ಇವೆಲ್ಲ ಅದರ ಲಕ್ಷಣ. ಅಲಕ್ಷ್ಯ ಮಾಡಿದರೆ ನಾಳ ದಪ್ಪವಾಗಿ ಮುಚ್ಚಿಹೋಗಿ ಶಸ್ತ್ರಚಿಕಿತ್ಸೆಯವರೆಗೂ ಹೋಗಬಹುದು.

ಈ ವ್ಯಾನಿನ ಹಿರಿಯ ಕೆಲಸಗಾರರು ಸ್ನಾನಕ್ಕೆ ಮೊದಲು ಕಿವಿಯ ಬಾಯಿಗೆ ಹತ್ತಿ ಇಡುತ್ತಾರೆ, ಸ್ನಾನವಾದ ಮೇಲೆ ತೆಗೆಯುತ್ತಾರೆ. ಕಿವಿ ತೊಳೆಯುವ ದ್ರಾವಣದ ಸೀಸೆಯನ್ನು ಸ್ವಲ್ಪ ಹೊತ್ತು ಬಿಸಿನೀರಿನ ಚೊಂಬಿನಲ್ಲಿಟ್ಟು, ತಣ್ಣಗಿನ ಹನಿ ಬಿದ್ದು ನಾಯಿ ಬೆಚ್ಚದಂತೆ ಹದ ಮಾಡಿಕೊಳ್ಳುತ್ತಾರೆ. ಕಿವಿಯ ಎಲೆಯನ್ನು ಮೇಲಕ್ಕೆತ್ತಿ ದ್ರಾವಣ ತುಂಬಿಸಿ, ಬುಡವನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ನಿಧಾನವಾಗಿ ಒತ್ತುವಾಗ ಒಳಗೆ ಪಿಚಪಿಚ ಸದ್ದು ಕೇಳುತ್ತದೆ. ಆ ಸದ್ದು ಬಂದರೆ ದ್ರಾವಣ ತಿರುವಿನವರೆಗೆ ಇಳಿದಿದೆ ಎಂದರ್ಥ. ಆಮೇಲೆ ಕೈಬಿಟ್ಟು ನಾಯಿ ತಾನಾಗಿ ತಲೆ ಕೊಡವಲು ಬಿಡುತ್ತಾರೆ. ಕೊಳೆ ಹೊರಗೆ ಬಂದಷ್ಟನ್ನು ಹತ್ತಿಯಿಂದ ಒರೆಸುತ್ತಾರೆ. ಇಯರ್ ಬಡ್ ಅನ್ನು ನಾಳದೊಳಗೆ ತೂರಿಸುವುದಿಲ್ಲ. ಕಿವಿಯ ಬಾಯಿಯ ಸುತ್ತಲಿನ ಮತ್ತು ಎಲೆಯ ಒಳಮಗ್ಗುಲಿನ ಮೇಲ್ಭಾಗದ ಕೂದಲನ್ನು ಗಿಡ್ಡವಾಗಿ ಕತ್ತರಿಸಿ ಗಾಳಿಗೆ ದಾರಿ ಮಾಡುತ್ತಾರೆ. ಜುಲೈನಲ್ಲಿ ಬಂದಾಗ ಎಡಗಿವಿಯ ಒಳಗೆ ಕೆಂಪಾಗಿದ್ದುದನ್ನು ಕಂಡು, “ಅಣ್ಣಾ, ಇದು ನಾವು ಮುಟ್ಟುವುದಲ್ಲ, ಡಾಕ್ಟರಿಗೆ ತೋರಿಸಿ. ತಮಟೆ ತೂತಾಗಿದ್ದರೆ ಈ ನೀರು ಹಾಕಬಾರದು” ಎಂದು ಆ ಕಿವಿಯನ್ನು ಹಾಗೇ ಬಿಟ್ಟರು. ಗ್ರೂಮಿಂಗ್ ಮಾಡುವವರಿಗೆ ತಮ್ಮ ಕೆಲಸದ ಎಲ್ಲೆ ತಿಳಿದಿರುವುದಕ್ಕಿಂತ ದೊಡ್ಡ ಭರವಸೆ ನಾಯಿಯ ಯಜಮಾನನಿಗೆ ಬೇರೆ ಇಲ್ಲ. ಪಶುವೈದ್ಯರು ಪರೀಕ್ಷಿಸಿ ಹನಿ ಔಷಧಿ ಕೊಟ್ಟರು, ವಾಸಿಯಾಯಿತು.

ಸ್ವಭಾವದ ವಿಚಾರವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಮೇಜಿನ ಮೇಲೆ ನಿಲ್ಲಿಸಿದ ಕಾಕರ್ ಮನೆಯ ಅಂಗಳದ ಕಾಕರ್ ಅಲ್ಲ. ಸದಾ ಬಾಲ ಅಲ್ಲಾಡಿಸುವ, ಮನೆಯವರ ಹಿಂದೆಯೇ ಕೋಣೆಯಿಂದ ಕೋಣೆಗೆ ನಡೆಯುವ, ಮಕ್ಕಳನ್ನು ಕಂಡರೆ ಕುಣಿಯುವ ಈ ನಾಯಿ ಒಳಗೊಳಗೆ ಬಹಳ ಸೂಕ್ಷ್ಮ. ಬೇಟೆಗಾರನ ಸಣ್ಣ ಸಿಳ್ಳೆಗೂ ಕೈಸನ್ನೆಗೂ ತಿರುಗಬೇಕೆಂದು ತಲೆಮಾರುಗಳಿಂದ ಆರಿಸಿ ಬೆಳೆಸಿದ್ದರಿಂದ ಮನುಷ್ಯರ ಧ್ವನಿಯ ಏರಿಳಿತವನ್ನು ಅದು ಕೂಡಲೇ ಗ್ರಹಿಸುತ್ತದೆ. ಗದರಿದರೆ ಮುದುಡುತ್ತದೆ, ಕೆಲವು ಹೆದರಿ ಮೂತ್ರ ಮಾಡಿಕೊಳ್ಳುತ್ತವೆ. ಬಹಳ ಹೊತ್ತು ಒಂಟಿಯಾಗಿ ಬಿಟ್ಟರೆ ಬೊಗಳುವುದು, ಬಾಗಿಲು ಕೆರೆಯುವುದು ಸಾಮಾನ್ಯ. 1990ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಕಾಕರ್ ಸಾಕಿದವರನ್ನು ಕೇಳಿ ನಡೆಸಿದ ಸಮೀಕ್ಷೆಯಲ್ಲಿ, ಎರಡು ಬಣ್ಣ ಬೆರೆತ ಕಾಕರ್‌ಗಳಿಗಿಂತ ಒಂದೇ ಬಣ್ಣದವುಗಳಲ್ಲಿ, ಅದರಲ್ಲೂ ಕೆಂಪು ಮತ್ತು ಹೊಂಬಣ್ಣದವುಗಳಲ್ಲಿ ಸಿಟ್ಟು ಹೆಚ್ಚು ಕಂಡುಬಂದಿತ್ತು. ಇದರಿಂದ ಹೊಂಬಣ್ಣದ ನಾಯಿಗಳೆಲ್ಲ ಕಚ್ಚುತ್ತವೆ ಎಂದು ಯಾರೂ ತಿಳಿಯಬಾರದು. ರೂಬಿ ಇದುವರೆಗೆ ಮನುಷ್ಯರ ಮೇಲೆ ಹಲ್ಲು ಮಸೆದವಳಲ್ಲ. ಆದರೆ ಬಾಯಲ್ಲಿ ಏನಾದರೂ ವಸ್ತು ಇದ್ದಾಗ ಅದನ್ನು ಕಸಿಯಲು ಹೋದರೆ ಗುರ್ರೆನ್ನುವ ಗುಣ ಈ ತಳಿಯಲ್ಲಿ ಇದೆ. ಬೇರೊಂದು ತಿಂಡಿ ಕೊಟ್ಟು ಬದಲಿಸಿಕೊಳ್ಳುವ ಅಭ್ಯಾಸವನ್ನು ಮರಿಯಿದ್ದಾಗಲೇ ಮಾಡಿಸಬೇಕು.

ವ್ಯಾನಿನವರು ಈ ಸ್ವಭಾವವನ್ನು ಚೆನ್ನಾಗಿ ಅರಿತಿದ್ದಾರೆ. ಮೊದಲ ಭೇಟಿಯಲ್ಲಿ ಕೆಲಸ ಆರಂಭಿಸುವ ಮೊದಲು ಜಗಲಿಯಲ್ಲಿ ಕುಳಿತು ರೂಬಿ ತಾನಾಗಿ ಬಂದು ಮೂಸುವವರೆಗೆ ಕಾದರು. ಡ್ರೈಯರನ್ನು ಮೊದಲು ದೂರದಲ್ಲಿ, ಕಡಿಮೆ ವೇಗದಲ್ಲಿ ಹಾಕಿ, ಹಿಂಗಾಲಿನ ಕಡೆಯಿಂದ ಶುರುಮಾಡಿ ಮುಖದ ಹತ್ತಿರ ಗಾಳಿ ಬಿಡದೆ ಮುಗಿಸಿದರು. ಮುಖ ಮತ್ತು ಕಿವಿಯನ್ನು ಬಟ್ಟೆಯಿಂದಲೇ ಒತ್ತಿ ಒಣಗಿಸಿದರು. ಕತ್ತಿಗೆ ಹಗ್ಗ ಬಿಗಿದು ನಿಲ್ಲಿಸುವುದಾಗಲಿ, ಬಾಯಿ ಕಟ್ಟುವುದಾಗಲಿ ನಮ್ಮಲ್ಲಿ ಅಗತ್ಯವಾಗಲಿಲ್ಲ. ಯಜಮಾನರು ಜೊತೆಯಲ್ಲಿರಬಹುದು ಎಂಬುದು ಮನೆಗೆ ಬರುವ ಸೇವೆಯ ದೊಡ್ಡ ಅನುಕೂಲ. ಪೇಟೆಯ ಅಂಗಡಿಯಲ್ಲಿ ಬಿಟ್ಟುಬಂದು ಸಂಜೆ ಕರೆತರುವ ಪದ್ಧತಿ ಇಷ್ಟು ಅಂಟಿಕೊಳ್ಳುವ ನಾಯಿಗೆ ಒಗ್ಗದು.

ಕೂದಲು ಕತ್ತರಿಸುವ ವಿಷಯದಲ್ಲಿ ನನಗೆ ತಕರಾರಿದೆ. ಕಾಕರಿನ ಬೆನ್ನಿನ ಕೂದಲು ರೇಷ್ಮೆಯಂತೆ ಮೈಗಂಟಿ ಮಲಗಿರಬೇಕು. ಸತ್ತ ಕೂದಲನ್ನು ಬೆರಳಿನಿಂದ ಅಥವಾ ವಿಶೇಷ ಚಾಕುವಿನಿಂದ ಕಿತ್ತು ತೆಗೆಯುವುದು ಹಳೆಯ, ಸರಿಯಾದ ಕ್ರಮ. ಇವರು ಅದನ್ನು ಮಾಡುವುದಿಲ್ಲ. ನಾವು ಮೊದಲೇ ಬೇಡವೆಂದು ಹೇಳದಿದ್ದರೆ ಬೆನ್ನಿನ ಮೇಲೂ ಕ್ಲಿಪ್ಪರ್ ಓಡಿಸುತ್ತಾರೆ. ಹಾಗೆ ಪದೇಪದೇ ಬೋಳಿಸಿದ ಕಾಕರಿನ ಕೂದಲು ಬಣ್ಣ ಮಾಸಿ, ಹತ್ತಿಯಂತೆ ಮೆತ್ತಗೆ ಗುಂಗುರಾಗಿ ಬೆಳೆಯಲಾರಂಭಿಸುತ್ತದೆ, ಆಮೇಲೆ ಗಂಟು ಇನ್ನೂ ಹೆಚ್ಚು. ಸಂತಾನಹರಣ ಶಸ್ತ್ರಚಿಕಿತ್ಸೆಯಾದ ನಾಯಿಗಳಲ್ಲಿ ಈ ಬದಲಾವಣೆ ತಾನಾಗಿಯೇ ಬರುವುದುಂಟು. ಅಂಥವಕ್ಕೆ ಕ್ಲಿಪ್ಪರ್ ಅನಿವಾರ್ಯವಾಗಬಹುದು. ಉಳಿದವಕ್ಕೆ ಬೆನ್ನನ್ನು ಬಾಚಿ, ಕತ್ತರಿಯನ್ನು ಕಾಲು, ಹೊಟ್ಟೆ, ಕಿವಿಗೆ ಮಾತ್ರ ಸೀಮಿತಗೊಳಿಸಿ ಎಂದು ಸ್ಪಷ್ಟವಾಗಿ ಹೇಳಿ. ಹೇಳಿದರೆ ಕೇಳುತ್ತಾರೆ. ಮಳೆಗಾಲಕ್ಕೆ ಮುಂಚೆ, ಮೇ ಕೊನೆಯಲ್ಲಿ, ಕಾಲಿನ ಮತ್ತು ಹೊಟ್ಟೆಯ ಜಾಲರಿಯನ್ನು ಧಾರಾಳವಾಗಿ ಗಿಡ್ಡ ಮಾಡಿಸುವುದು ಒಳ್ಳೆಯದು. ಪ್ರದರ್ಶನಕ್ಕೆ ಹೋಗದ ತೋಟದ ನಾಯಿಗೆ ನೆಲ ಗುಡಿಸುವಷ್ಟು ಉದ್ದದ ಕೂದಲು ಹಿಂಸೆಯೇ ಸರಿ. ಪಾದದ ಕೆಲಸ ಮಾತ್ರ ಅಚ್ಚುಕಟ್ಟು. ಮೆತ್ತೆಗಳ ನಡುವಿನ ಕೂದಲನ್ನು ತೆಗೆದು, ಪ್ರತಿ ಬೆರಳನ್ನೂ ಬಿಡಿಸಿ, ಉಣ್ಣಿಯನ್ನು ಚಿಮಟದಿಂದ ಚರ್ಮದ ಮಟ್ಟದಲ್ಲಿ ಹಿಡಿದು ನೇರವಾಗಿ ಎಳೆದು ತೆಗೆದರು. ಸೀಮೆಎಣ್ಣೆ ಸುರಿಯುವ ಹಳೆಯ ಪದ್ಧತಿ ಇವರಲ್ಲಿಲ್ಲ.

ಉಳಿದ ಕೊರತೆಗಳನ್ನು ಬೇಗ ಹೇಳಿಬಿಡುತ್ತೇನೆ. ಕೊನೆಯಲ್ಲಿ ಸಿಂಪಡಿಸುವ ಸುಗಂಧ ಬೇಡವೇ ಬೇಡ. ಮೂಗಿನಿಂದಲೇ ಲೋಕವನ್ನು ಅರಿಯುವ ಈ ನಾಯಿ ಆ ವಾಸನೆ ಹೋಗುವವರೆಗೂ ಹುಲ್ಲಿನಲ್ಲಿ ಹೊರಳಾಡುತ್ತದೆ. ಕಾಂಕ್ರೀಟ್ ಹಾಕದ ತೋಟದ ರಸ್ತೆಯಾದರೆ ಜೋರು ಮಳೆಯಲ್ಲಿ ವ್ಯಾನ್ ಏರುವುದಿಲ್ಲ, ನಾಯಿಯನ್ನು ಮುಖ್ಯರಸ್ತೆಯವರೆಗೆ ಕರೆತರಬೇಕಾಗುತ್ತದೆ. ಮಾಡಿದ ಕೆಲಸದ ಮತ್ತು ಕಂಡ ತೊಂದರೆಗಳ ಬಗ್ಗೆ ಬರವಣಿಗೆಯಲ್ಲಿ ಏನೂ ಕೊಡುವುದಿಲ್ಲ. ಒಂದು ಚಿಕ್ಕ ಪುಸ್ತಕ ಇಟ್ಟರೆ ವೈದ್ಯರಿಗೂ ಅನುಕೂಲ. ಬ್ಲೇಡು, ಕತ್ತರಿಗಳನ್ನು ಸ್ಪಿರಿಟಿನಲ್ಲಿ ಒರೆಸುವುದನ್ನು ಕಣ್ಣಾರೆ ಕಂಡಿದ್ದೇನೆ, ಟವೆಲ್ ಮಾತ್ರ ನಮ್ಮದೇ ಕೊಡುವುದು ಕ್ಷೇಮ.

ಆರೇಳು ವಾರಗಳಿಗೊಮ್ಮೆ ಬರುವ ವ್ಯಾನ್ ಎಲ್ಲವನ್ನೂ ನೋಡಿಕೊಳ್ಳುತ್ತದೆ ಎಂದು ಕುಳಿತರೆ ಕಾಕರ್ ಉಳಿಯದು. ತೋಟದಿಂದ ಬಂದ ಕೂಡಲೇ ಪಾದ, ಹೊಟ್ಟೆ ಒರೆಸಬೇಕು. ಒಂದು ದಿನ ಬಿಟ್ಟು ಒಂದು ದಿನವಾದರೂ ಬಾಚಬೇಕು. ವಾರಕ್ಕೊಮ್ಮೆ ಕಿವಿ ಎತ್ತಿ ಮೂಸಬೇಕು. ಊಟಕ್ಕೆ ಬಾಯಿ ಕಿರಿದಾದ, ಆಳದ ಬಟ್ಟಲು ಇಟ್ಟರೆ ಕಿವಿಗಳು ಹೊರಗೇ ಉಳಿದು ಅನ್ನ, ನೀರು ತಾಗುವುದಿಲ್ಲ. ಎಷ್ಟು ತಿಂದರೂ ಸಾಲದೆಂಬಂತೆ ನೋಡುವ ಕಣ್ಣುಗಳಿಗೆ ಸೋತು ಪಂದಿಕರಿಯ ಕೊಬ್ಬು, ಕಡುಂಬುಟ್ಟು ಹಾಕುವ ಮನೆಗಳಲ್ಲಿ ಕಾಕರ್ ಬೇಗ ಬೊಜ್ಜು ಬೆಳೆಸಿಕೊಳ್ಳುತ್ತದೆ. ವಯಸ್ಕ ಇಂಗ್ಲಿಷ್ ಕಾಕರಿಗೆ 13ರಿಂದ 14.5 ಕಿಲೋ ತೂಕ ಸರಿಯಾದದ್ದು. ಕಾಫಿ ತೋಟಕ್ಕೆ ಆಫ್ರಿಕನ್ ಬಸವನಹುಳುವಿನ ಕಾಟಕ್ಕೆಂದು ಹಾಕುವ ಮೆಟಾಲ್ಡಿಹೈಡ್ ಉಂಡೆಗಳು ನಾಯಿಗೆ ಮಾರಕ ವಿಷ. ಅವನ್ನು ಹಾಕಿದ ಬ್ಲಾಕಿಗೆ ಮೂಗು ನೆಲಕ್ಕಿಟ್ಟೇ ನಡೆಯುವ ಈ ನಾಯಿಯನ್ನು ಹಗ್ಗವಿಲ್ಲದೆ ಬಿಡಲೇಬಾರದು.

ಹೊಸದಾಗಿ ಮರಿ ತರುವವರಿಗೆ ಒಂದು ಮಾತು. ಕೆನಲ್ ಕ್ಲಬ್ ಆಫ್ ಇಂಡಿಯಾದ ನೋಂದಣಿ ಪತ್ರ ವಂಶವನ್ನು ತಿಳಿಸುತ್ತದೆ, ಆರೋಗ್ಯವನ್ನಲ್ಲ. ಕ್ರಮೇಣ ಕುರುಡಾಗಿಸುವ ಪಿಆರ್‌ಎ ಎಂಬ ಕಣ್ಣಿನ ರೋಗ ಮತ್ತು ಎಳೆಯ ವಯಸ್ಸಿನಲ್ಲೇ ಮೂತ್ರಪಿಂಡ ಕೆಡಿಸುವ ಎಫ್‌ಎನ್ ರೋಗ, ಎರಡೂ ಇಂಗ್ಲಿಷ್ ಕಾಕರಿನಲ್ಲಿ ತಂದೆತಾಯಿಗಳಿಂದ ಬರುವಂಥವು. ಎರಡಕ್ಕೂ ಡಿಎನ್‌ಎ ಪರೀಕ್ಷೆಯಿದೆ. ತಾಯಿ, ತಂದೆ ನಾಯಿಗಳ ಪರೀಕ್ಷಾ ವರದಿ ಕೇಳಿ, ತಾಯಿಯ ಕಿವಿ ಮತ್ತು ಸ್ವಭಾವವನ್ನು ಕಣ್ಣಾರೆ ನೋಡಿ, ಆಮೇಲೆ ಹಣ ಕೊಡಿ.

ಸ್ನಾನ, ಕಿವಿ, ಉಗುರು, ಕತ್ತರಿಸುವುದು ಎಲ್ಲ ಸೇರಿ ನಮ್ಮಿಂದ ಒಮ್ಮೆಗೆ 1,800 ರೂಪಾಯಿ ತೆಗೆದುಕೊಂಡರು. ಪೇಟೆಯ ಅಂಗಡಿಗಿಂತ ಹೆಚ್ಚಾದರೂ ಜೀಪಿನ ಡೀಸೆಲ್ಲು, ಅರ್ಧ ದಿನದ ಓಡಾಟ ಮತ್ತು ನಾಯಿಯ ನೆಮ್ಮದಿಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ನನಗೆ ಇದು ದುಬಾರಿಯೆನಿಸಿಲ್ಲ. ಗಿಡ್ಡ ಕೂದಲಿನ ನಾಯಿ ಇರುವವರಿಗೆ ಇಷ್ಟು ಖರ್ಚಿನ ಅಗತ್ಯವಿಲ್ಲ. ಕಾಕರ್, ಸ್ಪ್ರಿಂಗರ್ ಅಥವಾ ಕ್ಯಾವಲಿಯರ್ ಸ್ಪ್ಯಾನಿಯಲ್ ಇರುವ ತೋಟದ ಮನೆಯವರಿಗೆ ಈ ಸೇವೆಯನ್ನು ಮನಃಪೂರ್ವಕ ಶಿಫಾರಸು ಮಾಡುತ್ತೇನೆ. ಮಳೆಗಾಲದ ದಿನಗಳು ಬೇಗ ಭರ್ತಿಯಾಗುವುದರಿಂದ ಏಪ್ರಿಲ್‌ನಲ್ಲೇ ಫೋನ್ ಮಾಡಿ, ಬೆನ್ನಿಗೆ ಕ್ಲಿಪ್ಪರ್ ಬೇಡ, ಸುಗಂಧ ಬೇಡ ಎಂಬ ಎರಡು ಮಾತನ್ನು ಆಗಲೇ ಹೇಳಿಡಿ.